ಗವಿಯಿಲ್ಲದ ಕೊಳ್ಳಗಳು

ಆದಿಮಾನವ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಮನಸ್ಸಿನಲ್ಲಿ ಒಂದು ಗವಿ ಮೂಡುತ್ತದೆ. ಗವಿಯ ಬಾಯಲ್ಲಿ ಬೆಂಕಿ, ಸುತ್ತಲೂ ತೊಗಲು ಹೊದ್ದ ನಾಲ್ಕಾರು ಜನ, ಹಿಂದಿನ ಗೋಡೆಯ ಮೇಲೆ ಕಾಡುಕೋಣದ ಚಿತ್ರ. ಸಾಲಿಯ ಪುಸ್ತಕದಲ್ಲಿ ಒಮ್ಮೆ ಕಂಡ ಈ ನೋಟ ಜೀವಮಾನವಿಡೀ ತಲೆಯಲ್ಲಿ ಉಳಿದುಬಿಡುತ್ತದೆ. ಇದು ಸುಳ್ಳು ಚಿತ್ರವೇನಲ್ಲ, ಆದರೆ ಬೇರೊಂದು ನೆಲದ ಚಿತ್ರ. ಫ್ರಾನ್ಸಿನ ಲಾಸ್ಕೊ, ಸ್ಪೇನಿನ ಅಲ್ತಮೀರ, ಇಂಗ್ಲೆಂಡಿನ ಕ್ರೆಸ್ವೆಲ್ ಕೊಳ್ಳ, ಇವೆಲ್ಲವೂ ಸುಣ್ಣಕಲ್ಲಿನ ಸೀಮೆಗಳು. ಕ್ರೆಸ್ವೆಲ್‌ನಲ್ಲಿ ಹಿಮಯುಗದ ಜನ ಗವಿಗೋಡೆಯ ಮೇಲೆ ಕೊರೆದ ಗೆರೆಚಿತ್ರಗಳು 2003ರಲ್ಲಿ ಕಣ್ಣಿಗೆ ಬಿದ್ದವು. ಅಂಥ ಕೊಳ್ಳದಲ್ಲಿ ಹೆಜ್ಜೆಹೆಜ್ಜೆಗೂ ಗವಿ, ಗವಿಯೊಳಗೆ ಮೂಳೆ, ಮೂಳೆಯ ಪಕ್ಕದಲ್ಲಿ ಕಲ್ಲಿನ ಚಕ್ಕೆ. ಇದನ್ನೇ ಅಳತೆಗೋಲು ಮಾಡಿಕೊಂಡು ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರಿನ ಸೀಮೆಯನ್ನು ನೋಡಿದವರು, ನಮ್ಮಲ್ಲಿ ಅಂಥ ಗವಿಗಳಿಲ್ಲ, ಹಾಗಾಗಿ ಆದಿಮಾನವನ ಕಥೆಯೂ ನಮ್ಮದಲ್ಲ ಎಂದು ಕೈಬಿಡುತ್ತಾರೆ. ಮೊದಲ ಮಾತು ನಿಜ. ಅದರಿಂದ ಎರಡನೆಯದು ಹುಟ್ಟುವುದಿಲ್ಲ. ಮಲಪ್ರಭೆಯ ಸೀಮೆಯಲ್ಲಿ ಗವಿಯನ್ನು ಕೊಡದ ಕಲ್ಲೇ ಮನುಷ್ಯನ ಕೈಗೆ ಕೊಡಲಿಯನ್ನು ಕೊಟ್ಟಿತು, ಗವಿ ಮಾಡಬೇಕಾಗಿದ್ದ ಕಾಪಿಡುವ ಕೆಲಸವನ್ನು ಹೊಳೆಯ ದಂಡೆ ಮಾಡಿತು. ಇವತ್ತಿನ ಈ ಮಾತಿನಲ್ಲಿ ನಾನು ಸಾಧಿಸಬೇಕೆಂದಿರುವುದು ಇಷ್ಟನ್ನೇ.

ಮೊದಲು ಕಲ್ಲಿನ ವಿಚಾರ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡದ ಸಾಲೊಂದನ್ನು ಅಡ್ಡಡ್ಡ ಸೀಳಿಕೊಂಡು ಹೋಗುತ್ತದೆ. ಗುಡ್ಡದ ಮೇಲಿದ್ದ ನವಿಲೊಂದು ದಾರಿಗಾಣದೆ ನಿಂತ ಹೊಳೆಯನ್ನು ಅಣಕಿಸಿ ಕೂಗಿತಂತೆ, ಸಿಟ್ಟಿಗೆದ್ದ ಹೊಳೆ ಗುಡ್ಡವನ್ನೇ ಎರಡು ಹೋಳು ಮಾಡಿ ಮುನ್ನಡೆಯಿತಂತೆ. ಈ ಕಥೆ ಕಟ್ಟಿದವರ ಕಣ್ಣು ಚುರುಕಾಗಿತ್ತು. ಹೊಳೆ ಗುಡ್ಡವನ್ನು ಬಳಸಿ ಹೋಗುವುದು ಲೋಕರೂಢಿ, ಇಲ್ಲಿ ನಡುವೆ ಹಾಯ್ದಿದೆ, ಅದಕ್ಕೊಂದು ಕಾರಣ ಬೇಕು ಎಂಬ ಪ್ರಶ್ನೆ ಅವರಿಗೆ ಹೊಳೆದಿತ್ತು. ಭೂವಿಜ್ಞಾನದ ಕಡೆಯಿಂದ ಇದಕ್ಕೆ ಸಿಗುವ ವಿವರಣೆಯೆಂದರೆ, ಈ ಹಳೆಯ ಗುಡ್ಡಗಳ ಮೇಲೆ ಒಂದು ಕಾಲಕ್ಕೆ ಬೇರೆ ಶಿಲೆಯ ಹೊದಿಕೆಯಿತ್ತು. ಹೊಳೆ ತನ್ನ ದಾರಿಯನ್ನು ಆ ಹೊದಿಕೆಯ ಮೇಲೆಯೇ ಗೊತ್ತುಮಾಡಿಕೊಂಡಿತು, ಹೊದಿಕೆ ಸವೆದು ಗುಡ್ಡದ ಬೆನ್ನು ಎದ್ದ ಮೇಲೂ ಹಿಡಿದ ದಾರಿಯನ್ನು ಬಿಡದೆ ಕೊರೆಯುತ್ತ ಇಳಿಯಿತು. ಆ ಸೀಳು ಎಷ್ಟು ಕಿರಿದೆಂಬುದನ್ನು ಅಣೆಕಟ್ಟೇ ಹೇಳುತ್ತದೆ. ಸುಮಾರು 155 ಮೀಟರ್ ಉದ್ದದ ಒಂದು ಗೋಡೆ ಕಟ್ಟಿದ್ದಕ್ಕೆ ಅದರ ಹಿಂದೆ 37.73 ಟಿಎಂಸಿ ನೀರು ನಿಂತು ರೇಣುಕಾಸಾಗರವಾಯಿತು.

ಆ ಸೀಳಿನ ಎರಡೂ ಮಗ್ಗುಲಿನ ಕಲ್ಲು ಸುಣ್ಣಕಲ್ಲಲ್ಲ. ಅದು ಕ್ವಾರ್ಟ್ಜೈಟ್ ಎಂಬ ಬೆಣಚುಶಿಲೆ. ಮರಳಿನ ಕಣಗಳು ಒಂದಕ್ಕೊಂದು ಬೆಸೆದು, ಒಡೆದರೆ ಕಣದ ಸಂದಿಯಲ್ಲಿ ಬಿಡದೆ ಕಣವನ್ನೇ ಸೀಳಿಕೊಂಡು ಒಡೆಯುವಷ್ಟು ಗಟ್ಟಿಯಾದ ಕಲ್ಲು. ಭೂವಿಜ್ಞಾನಿಗಳು ಈ ಶಿಲೆಗಳಿಗೆ ನಮ್ಮ ಊರುಗಳ ಹೆಸರನ್ನೇ ಇಟ್ಟಿದ್ದಾರೆ. ಕಲಾದಗಿ ಶಿಲಾವರ್ಗದ ಬುಡದಲ್ಲಿರುವುದು ರಾಮದುರ್ಗ ಶಿಲಾಸಮೂಹ, ಅದರೊಳಗಿನ ಗಟ್ಟಿ ಪದರು ಸವದತ್ತಿ ಕ್ವಾರ್ಟ್ಜೈಟ್. ನೂರು ಕೋಟಿ ವರ್ಷಕ್ಕೂ ಹಿಂದಿನ ಈ ಕಲ್ಲುಗಳ ವಿಷಯ ಬಂದಾಗ ಬೇರೆ ಬೇರೆ ಊರುಗಳ ಭೂವಿಜ್ಞಾನ ವಿಭಾಗಗಳಲ್ಲಿ ಸವದತ್ತಿ, ರಾಮದುರ್ಗಗಳ ಹೆಸರು ನಾಲಿಗೆಯ ಮೇಲೆ ಬರುತ್ತದೆ. ಅದೇ ಊರುಗಳಲ್ಲಿ ಈ ಸಂಗತಿ ತಿಳಿದವರು ಬೆರಳೆಣಿಕೆಯಷ್ಟು ಎಂಬುದು ಸಂಕಟದ ಮಾತು.

ಸುಣ್ಣಕಲ್ಲಿನಲ್ಲಿ ಗವಿ ಆಗುವುದೇಕೆ, ಬೆಣಚುಶಿಲೆಯಲ್ಲಿ ಆಗದಿರುವುದೇಕೆ? ಮಳೆಯ ನೀರು ಗಾಳಿಯಲ್ಲೂ ಮಣ್ಣಿನಲ್ಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕೊಂಚ ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣಕಲ್ಲು ಕರಗುತ್ತದೆ. ಬಿರುಕು ಸಂದಾಗಿ, ಸಂದು ಸುರಂಗವಾಗಿ, ಸುರಂಗ ಗವಿಯಾಗುತ್ತದೆ. ಇದಕ್ಕಿಂತ ದೊಡ್ಡ ಉಪಕಾರವೆಂದರೆ ಸುಣ್ಣದ ನೆಲ ಮೂಳೆಯನ್ನು ಉಳಿಸುತ್ತದೆ. ಮೂಳೆಯೂ ಸುಣ್ಣದ ಅಂಶದ್ದೇ ಆದ್ದರಿಂದ, ಸುತ್ತಲಿನ ನೀರಿನಲ್ಲಿ ಸುಣ್ಣ ತುಂಬಿದ್ದರೆ ಅದು ಮೂಳೆಯಿಂದ ಸುಣ್ಣವನ್ನು ಕಸಿಯುವುದಿಲ್ಲ. ಬೆಣಚುಶಿಲೆ ನೀರಿಗೆ ಕರಗುವುದಿಲ್ಲ, ಅದರ ಮೇಲಿನ ಮಸಾರಿ ಮಣ್ಣು ಮೂಳೆಯನ್ನು ಉಳಿಸುವುದಿಲ್ಲ. ಹೀಗಾಗಿ ಗವಿ, ಮೂಳೆ ಎರಡೂ ನಮ್ಮ ಪಾಲಿಗೆ ಬರಲಿಲ್ಲ.

ದಕ್ಷಿಣ ಭಾರತದಲ್ಲಿ ಪುಸ್ತಕದ ಚಿತ್ರಕ್ಕೆ ಹೊಂದುವ ಜಾಗವೊಂದಿದೆ. ಆಂಧ್ರದ ಕರ್ನೂಲು ಸೀಮೆಯಲ್ಲಿ ಬೇತಂಚೆರ್ಲ ಹತ್ತಿರದ ಬಿಲ್ಲಸುರ್ಗಂ. ಸುಣ್ಣಕಲ್ಲಿನ ಕೊಳ್ಳ, ಕೊಳ್ಳದ ಗೋಡೆಗಳಲ್ಲಿ ಗವಿಗಳು. 1844ರಲ್ಲಿ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ಇವುಗಳ ಬಗ್ಗೆ ಬರೆದ. ನಲವತ್ತು ವರ್ಷಗಳ ಮೇಲೆ ರಾಬರ್ಟ್ ಬ್ರೂಸ್ ಫೂಟ್ ತನ್ನ ಮಗನ ಜೊತೆ ಅಲ್ಲಿ ಅಗೆಸಿದ. ಈ ಫೂಟ್ ನಮಗೆ ಅಪರಿಚಿತನಲ್ಲ. 1863ರಲ್ಲಿ ಮದರಾಸಿನ ಪಲ್ಲಾವರಂನಲ್ಲಿ ಕಲ್ಲಿನ ಕೊಡಲಿಯನ್ನು ಗುರುತಿಸಿ ಭಾರತದ ಹಳೆ ಶಿಲಾಯುಗವನ್ನು ಲೋಕಕ್ಕೆ ತೋರಿಸಿದ ಭೂವಿಜ್ಞಾನಿ ಈತ. ಮುಂದೆ ಬೆಳಗಾವಿ, ಕಲಾದಗಿ, ಧಾರವಾಡದ ಸೀಮೆಯನ್ನು ಅಳೆದು, ಅದರ ಭೂರಚನೆಯ ಮೇಲೆ 1876ರಲ್ಲಿ ಒಂದು ಸಂಪುಟ ಪ್ರಕಟಿಸಿದವನೂ ಅವನೇ. ಒಬ್ಬನೇ ಮನುಷ್ಯ ಗವಿಯನ್ನೂ ನೋಡಿದ, ಮಲಪ್ರಭೆಯ ದಂಡೆಯನ್ನೂ ನೋಡಿದ. ಎರಡೂ ಕಡೆ ಸಿಕ್ಕಿದ್ದನ್ನು ತಕ್ಕಡಿಗೆ ಹಾಕಿ ನೋಡೋಣ. ಬಿಲ್ಲಸುರ್ಗಂನಲ್ಲಿ ಪ್ರಾಣಿಗಳ ಮೂಳೆ ರಾಶಿರಾಶಿ, ಕಲ್ಲಿನ ಆಯುಧ ಬಹಳ ಕಡಿಮೆ. ಮಲಪ್ರಭೆಯ ಗರಸಿನಲ್ಲಿ ಮೂಳೆಗೆ ಬರ, ಆಯುಧಕ್ಕೆ ಸುಗ್ಗಿ. ಗವಿ ಯಾವುದನ್ನು ಉಳಿಸಿತೋ ಅದನ್ನು ತೋರಿಸಿತು, ಹೊಳೆ ಯಾವುದನ್ನು ಉಳಿಸಿತೋ ಅದನ್ನು ತೋರಿಸಿತು. ಗವಿಯಲ್ಲಿ ಮಾತ್ರ ಮನುಷ್ಯನಿದ್ದ ಎಂದುಕೊಳ್ಳುವುದು ದೀಪ ಇಟ್ಟ ಕೋಣೆಯಲ್ಲಿ ಮಾತ್ರ ಮನೆಯವರಿದ್ದಾರೆ ಎಂದುಕೊಂಡ ಹಾಗೆ.

ಇಲ್ಲಿ ಒಬ್ಬರು ತಡೆಯಬಹುದು. ಕಲಾದಗಿ ಶಿಲೆಗಳಲ್ಲೂ ಸುಣ್ಣಕಲ್ಲು ಇದೆಯಲ್ಲ, ಬಾಗಲಕೋಟೆ, ಲೋಕಾಪುರದ ಕಡೆ ಸಿಮೆಂಟಿಗೆ ಅದನ್ನೇ ಅಲ್ಲವೇ ಅಗೆಯುವುದು, ಹಾಗಾದರೆ ಅಲ್ಲಿ ಗವಿ ಏಕಿಲ್ಲ? ಸರಿಯಾದ ಪ್ರಶ್ನೆ. ಆ ಸುಣ್ಣಕಲ್ಲು ಹೆಚ್ಚಿನ ಕಡೆ ಎರೆಮಣ್ಣಿನ ಅಡಿಯಲ್ಲಿ ಬಯಲಾಗಿ ಮಲಗಿದೆ. ಗವಿಗೆ ಬೇಕಾದ ಎತ್ತರದ ಗೋಡೆಯಾಗಲಿ, ನೀರು ಮೇಲಿಂದ ಇಳಿದು ಕೆಳಗೆ ಹೊರಬೀಳುವಷ್ಟು ಆಳದ ಕೊಳ್ಳವಾಗಲಿ ಅಲ್ಲಿ ಏಳಲಿಲ್ಲ. ನಮ್ಮ ಸೀಮೆಯಲ್ಲಿ ಗುಡ್ಡವಾಗಿ ನಿಂತದ್ದು ಬೆಣಚುಶಿಲೆ ಮತ್ತು ಮರಳುಗಲ್ಲು, ಸವೆದು ಬಯಲಾದದ್ದು ಸುಣ್ಣಕಲ್ಲು. ಇನ್ನು ಕೆಲವರು ಬಾದಾಮಿಯ ಗುಹೆಗಳನ್ನು ಮುಂದಿಡುತ್ತಾರೆ. ಅವು ಚಾಲುಕ್ಯರ ಉಳಿ ಕಡೆದ ದೇವಾಲಯಗಳು. ಅವುಗಳಲ್ಲಿ ಮೂರನೆಯದಕ್ಕೆ 578ನೇ ಇಸವಿಯ ಶಾಸನವಿದೆ. ಬಾದಾಮಿಯ ಹತ್ತಿರದ ಸಿಡಿಲಫಡಿಯ ಮಾತು ಬೇರೆ. ಅದು ಮರಳುಗಲ್ಲಿನಲ್ಲಿ ತಾನಾಗಿ ಆದ ಕಮಾನಿನಂಥ ನೆರಳು, ಅದರ ಗೋಡೆಯಲ್ಲಿ ಆದಿಕಾಲದ ಬಣ್ಣದ ಚಿತ್ರಗಳಿವೆ. ‘ಫಡಿ’ ಎಂಬ ಈ ಊರಮಾತು ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಒಳಗೆ ಆಳವಾಗಿ ಹೋಗುವ ಗವಿ ಬೇರೆ, ಬಂಡೆಯ ಚಾಚಿನ ಕೆಳಗೆ ಬಿಸಿಲು ಮಳೆ ತಡೆಯುವ ಫಡಿ ಬೇರೆ ಎಂಬ ಭೇದ ಇಲ್ಲಿನ ದನಗಾಹಿಗಳಿಗೆ ಯಾವತ್ತಿನಿಂದಲೋ ಗೊತ್ತು.

ಈಗ ಆಯುಧವನ್ನು ಹತ್ತಿರದಿಂದ ನೋಡೋಣ. ಅಂಗೈಗಿಂತ ತುಸು ದೊಡ್ಡದಾದ ಒಂದು ಬೆಣಚುಶಿಲೆಯ ತುಂಡು. ಒಂದು ತುದಿ ಚೂಪು, ಇನ್ನೊಂದು ತುದಿ ದಪ್ಪ ಮತ್ತು ದುಂಡು, ಒಟ್ಟು ಆಕಾರ ಬಾದಾಮಿ ಬೀಜದ್ದು. ದುಂಡಾದ ಕಡೆಯಲ್ಲಿ ಒಮ್ಮೊಮ್ಮೆ ಹೊಳೆಗಲ್ಲಿನ ನುಣುಪಾದ ಹಳೆ ಸಿಪ್ಪೆ ಹಾಗೇ ಉಳಿದಿರುತ್ತದೆ, ಅದೇ ಅಂಗೈಗೆ ಕೂಡುವ ಭಾಗ. ಉಳಿದೆಡೆ ಚಕ್ಕೆ ಎಬ್ಬಿಸಿದ ತಗ್ಗುಗಳು, ಮೀನಿನ ಹುರುಪೆಯ ಹಾಗೆ ಒಂದರ ಅಂಚನ್ನು ಇನ್ನೊಂದು ಕತ್ತರಿಸಿಕೊಂಡು ಕೂತಿರುತ್ತವೆ. ಯಾವ ತಗ್ಗು ಯಾವುದರ ಅಂಚನ್ನು ತಿಂದಿದೆ ಎಂದು ನೋಡಿದರೆ ಯಾವ ಪೆಟ್ಟು ಮೊದಲು, ಯಾವುದು ಆಮೇಲೆ ಎಂದು ಓದಬಹುದು. ಇದಕ್ಕೆ ಕೈಗೊಡಲಿ ಎನ್ನುತ್ತಾರೆ. ಇದರ ಜೊತೆಗಾರ ಇನ್ನೊಂದಿದೆ, ಚೂಪಿನ ಬದಲು ಬಾಚಿಯ ಹಾಗೆ ಅಗಲವಾದ ನೇರ ಅಂಚುಳ್ಳದ್ದು. ಇಂಥದ್ದನ್ನು ಮಾಡಲು ಪದರು ಬಿಡದ, ಪುಡಿಯಾಗದ, ಪೆಟ್ಟು ಬಿದ್ದ ಕಡೆಯಿಂದ ಚಿಪ್ಪಿನಾಕಾರದಲ್ಲಿ ಚಕ್ಕೆ ಏಳುವ ಕಲ್ಲು ಬೇಕು. ಸವದತ್ತಿಯ ಗುಡ್ಡದಲ್ಲಿರುವುದು ಸಾಕ್ಷಾತ್ ಅದೇ ಕಲ್ಲು. ಅದು ಕೊಳ್ಳದಲ್ಲಿ ಉರುಳಿ, ಹೊಳೆಯಲ್ಲಿ ದುಂಡಾಗಿ, ದಂಡೆಯಲ್ಲಿ ರಾಶಿ ಬೀಳುತ್ತದೆ. ಆಯುಧ ಮಾಡುವವನಿಗೆ ಗಣಿ ತೋಡುವ ಕೆಲಸವಿಲ್ಲ, ಬಗ್ಗಿ ಆರಿಸಿಕೊಂಡರೆ ಆಯಿತು.

ಹೊಳೆಯಲ್ಲಿ ಉರುಳುವ ಕಲ್ಲು ತಾನಾಗಿಯೂ ಒಡೆಯುತ್ತದೆ, ಮನುಷ್ಯನೇ ಒಡೆದ ಎಂದು ಹೇಗೆ ನಂಬುವುದು? ಫೂಟನ ಕಾಲದಲ್ಲೂ ಈ ಸಂಶಯ ಎದ್ದಿತ್ತು, ಈಗಲೂ ಏಳಬೇಕಾದದ್ದೇ. ಹೊಳೆ ಕಲ್ಲನ್ನು ಒಡೆಯುತ್ತದೆ, ನಿಜ. ಆದರೆ ಹೊಳೆಗೆ ಗುರಿಯಿಲ್ಲ. ಅದು ಒಂದು ಪೆಟ್ಟನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಕೊಡುತ್ತದೆ, ಎದ್ದ ಅಂಚನ್ನು ಕೂಡಲೇ ಸವೆಸಿ ಮೊಂಡು ಮಾಡುತ್ತದೆ. ಒಂದೇ ಅಂಚಿನ ಸುತ್ತ, ಎರಡೂ ಮುಖದಿಂದ, ಸರದಿಯಲ್ಲಿ ಹತ್ತಿಪ್ಪತ್ತು ಪೆಟ್ಟು ಹಾಕಿ ಎಡಬಲ ಸಮನಾಗಿ ಬರುವಂತೆ ಮಾಡುವುದು ನೀರಿನಿಂದ ಆಗದ ಮಾತು. ಒಂದು ಕಲ್ಲಿನಲ್ಲಿ ಅಕಸ್ಮಾತ್ತಾಗಿ ಹಾಗೆ ಆಯಿತೆಂದೇ ಇಟ್ಟುಕೊಳ್ಳೋಣ. ಅದೇ ಆಕಾರ ಒಂದೇ ಪದರಿನಲ್ಲಿ ಮತ್ತೆ ಮತ್ತೆ ಸಿಕ್ಕರೆ, ಅದೇ ಆಕಾರ ಪಲ್ಲಾವರಂನಲ್ಲೂ, ಮಲಪ್ರಭೆಯಲ್ಲೂ, ಆಫ್ರಿಕದಲ್ಲೂ, ಫ್ರಾನ್ಸಿನ ಸೋಮ್ ನದಿಯ ಗರಸಿನಲ್ಲೂ ಸಿಕ್ಕರೆ, ಅಕಸ್ಮಾತ್ ಎಂಬ ಮಾತಿಗೆ ಜಾಗ ಉಳಿಯುವುದಿಲ್ಲ.

ಇದಕ್ಕಿಂತ ಬಲವಾದ ಆಕ್ಷೇಪಣೆ ಇನ್ನೊಂದಿದೆ. ಆಯುಧ ನಿಜವೇ ಇರಲಿ, ಹೊಳೆ ಅದನ್ನು ಎಲ್ಲಿಂದಲೋ ಹೊತ್ತು ತಂದು ಎಲ್ಲೋ ಹಾಕಿದೆ. ಗವಿಯಲ್ಲಿಯಾದರೆ ಮನುಷ್ಯ ಕೂತ ಜಾಗದಲ್ಲೇ ವಸ್ತು ಸಿಗುತ್ತದೆ. ಗರಸಿನಲ್ಲಿ ಸಿಕ್ಕಿದ್ದರಿಂದ ಏನು ತಿಳಿದೀತು? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊಳೆ ಹೊತ್ತು ತಂದ ಆಯುಧದ ಅಂಚು ಮೊಂಡಾಗಿರುತ್ತದೆ, ತಗ್ಗುಗಳ ನಡುವಿನ ಏಣು ಸವೆದು ನುಣುಪಾಗಿರುತ್ತದೆ. ಆದರೆ ಅದೇ ದಂಡೆಗಳಲ್ಲಿ ನಿನ್ನೆ ಒಡೆದಂತೆ ಹರಿತವಾಗಿರುವ ಆಯುಧಗಳೂ ಸಿಗುತ್ತವೆ. ಹರಿತವಾದದ್ದು ದೂರದಿಂದ ಬಂದಿರಲಾರದು. ಸವೆತದ ಮಟ್ಟವನ್ನೇ ಅಳತೆ ಮಾಡಿಕೊಂಡು, ಯಾವುದು ಇಲ್ಲಿಯದು, ಯಾವುದು ಮೇಲಿನಿಂದ ಬಂದದ್ದು ಎಂದು ಬೇರ್ಪಡಿಸಬಹುದು. ರಾಮದುರ್ಗ ದಾಟಿ ಹೊಳೆ ಕೆಳಗೆ ಹೋದಂತೆ ಬಾದಾಮಿ ತಾಲ್ಲೂಕಿನ ಖ್ಯಾಡದ ದಂಡೆ ಸಿಗುತ್ತದೆ. ಹೊಳೆ ಕೊರೆದ ಆ ದಂಡೆಯಲ್ಲಿ ಗರಸು, ಮಣ್ಣುಗಳ ಪದರು ಒಂದರ ಮೇಲೊಂದು ಕಾಣುತ್ತವೆ, ಗರಸಿನ ಪದರಿನಲ್ಲಿ ಆಯುಧಗಳಿವೆ. ಆರ್. ವಿ. ಜೋಶಿಯವರು ಮಲಪ್ರಭೆಯ ಕಣಿವೆಯ ಇಂಥ ಪದರುಗಳನ್ನು ಕ್ರಮವಾಗಿ ಓದಿ ಬರೆದ ಗ್ರಂಥವನ್ನು ಪುಣೆಯ ಡೆಕ್ಕನ್ ಕಾಲೇಜು 1955ರಲ್ಲಿ ಪ್ರಕಟಿಸಿತು. ಘಟಪ್ರಭೆಯ ಕಡೆ ಅನಗವಾಡಿಯಲ್ಲಿ ಆರ್. ಎಸ್. ಪಪ್ಪು ಅವರು ಅಗೆದರು. ಇನ್ನೂ ಈಚೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯ ಲಖಮಾಪುರದಲ್ಲಿ ಅಗೆದು, ಗುಡ್ಡದ ಬುಡದ ಬೆಣಚುಗಲ್ಲನ್ನೇ ಬಳಸಿಕೊಂಡ ಜನರ ಕುರುಹುಗಳನ್ನು, ಕೈಗೊಡಲಿಯ ಕಾಲದಿಂದ ಸಣ್ಣ ಚಕ್ಕೆಗಳ ಕಾಲಕ್ಕೆ ಕೈಚಳಕ ಬದಲಾದ ಬಗೆಯನ್ನು ಗುರುತಿಸಿದರು.

ಗರಸಿನ ಪದರುಗಳು ಲಕ್ಷಾಂತರ ವರ್ಷ ಚೆದುರದೆ ಉಳಿದದ್ದು ಹೇಗೆ? ಇಲ್ಲಿ ಸುಣ್ಣ ಮತ್ತೆ ನಮ್ಮ ಕಥೆಯೊಳಗೆ ಬರುತ್ತದೆ. ಎರೆಹೊಲದ ಮಣ್ಣಿನಲ್ಲಿ ಬೆಳ್ಳಗಿನ ಸುಣ್ಣದ ಹರಳುಗಳು ಇರುವುದು ರೈತರಿಗೆಲ್ಲ ಗೊತ್ತು. ಹಿಂದೆ ಅವನ್ನು ಆರಿಸಿ ತಂದು ಭಟ್ಟಿಯಲ್ಲಿ ಸುಟ್ಟು ಮನೆಗೆ ಸುಣ್ಣ ಮಾಡುತ್ತಿದ್ದರು. ಮಣ್ಣಿನ ನೀರಿನಲ್ಲಿ ಕರಗಿದ ಸುಣ್ಣ, ಬಿಸಿಲಿಗೆ ನೀರು ಆರಿದಾಗ ಹೀಗೆ ಹರಳುಗಟ್ಟುತ್ತದೆ. ಅದೇ ಸುಣ್ಣ ಹೊಳೆದಂಡೆಯ ಗರಸಿನ ಸಂದುಗಳಲ್ಲಿ ಇಳಿದು, ಒಣಗಿ, ದುಂಡುಗಲ್ಲುಗಳನ್ನು ಗಾರೆ ಹಾಕಿದಂತೆ ಬೆಸೆದಿದೆ. ದಂಡೆಯಲ್ಲಿ ಅಲ್ಲಲ್ಲಿ ಕಾಣುವ, ಸುತ್ತಿಗೆಗೂ ಬಗ್ಗದ, ಕೈಯಿಂದ ಹೊಯ್ದ ಕಾಂಕ್ರೀಟಿನಂತಿರುವ ಒರಟು ಪದರು ಅದೇ. ಆ ಬೆಸುಗೆಯೊಳಗೆ ದುಂಡುಗಲ್ಲುಗಳ ನಡುವೆ ಕೈಗೊಡಲಿ ಸಿಕ್ಕಿಕೊಂಡಿರುತ್ತದೆ. ನಮಗೆ ಸುಣ್ಣಕಲ್ಲಿನ ಗವಿ ಒದಗಲಿಲ್ಲ, ಸುಣ್ಣದ ಗಾರೆ ಒದಗಿತು.

ಜನ ಎಲ್ಲಿ ನೆಲೆ ನಿಲ್ಲುತ್ತಿದ್ದರು ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ಉತ್ತರ ಕೊಡಬಲ್ಲದ್ದು ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆ. ಅಲ್ಲಿ ಕೆ. ಪದ್ದಯ್ಯನವರು ದಶಕಗಳ ಕಾಲ ಹುಡುಕಾಡಿ ಕೈಗೊಡಲಿಯ ಕಾಲದ ಅನೇಕ ನೆಲೆಗಳನ್ನು ಗುರುತಿಸಿದರು. ಆ ಕಣಿವೆಯಲ್ಲಿ ಸುಣ್ಣಕಲ್ಲೂ ಇದೆ. ಇಸಾಂಪುರದಲ್ಲಿ ಆ ಜನ ಸುಣ್ಣಕಲ್ಲಿನ ಹಾಸುಬಂಡೆಗಳನ್ನು ಎಬ್ಬಿಸಿ ಅಲ್ಲಿಯೇ ಕೂತು ಆಯುಧ ಮಾಡಿದ್ದಾರೆ, ಕಸುಬಿನ ಚಕ್ಕೆಗಳೆಲ್ಲ ಬಿದ್ದಲ್ಲೇ ಬಿದ್ದಿವೆ. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ಆ ನೆಲೆಗೆ ಸುಮಾರು 12 ಲಕ್ಷ ವರ್ಷ ಎಂಬ ಲೆಕ್ಕ ಬಂದಿದೆ. ಸುಣ್ಣದ ನೆಲ ಹಲ್ಲನ್ನು ಉಳಿಸಿತು ಎಂಬುದನ್ನು ಗಮನಿಸಿ. ಅಲ್ಲಿಯೂ ಜನ ಇದ್ದದ್ದು ಬಯಲಿನಲ್ಲಿ, ಗವಿಯಲ್ಲಲ್ಲ. ಬೇಸಿಗೆಯಲ್ಲಿ ಬತ್ತದ ಒರತೆಗಳ ಹತ್ತಿರ ಒಟ್ಟುಗೂಡುತ್ತಿದ್ದರು, ಮಳೆಗಾಲದಲ್ಲಿ ಕಣಿವೆಯ ತುಂಬ ಚೆದುರುತ್ತಿದ್ದರು ಎಂಬುದು ಪದ್ದಯ್ಯನವರ ತರ್ಕ. ಅಂದರೆ ನೆಲೆಯನ್ನು ಗೊತ್ತುಮಾಡಿದ್ದು ನೀರು. ಹಿಮಯುಗದ ಯುರೋಪಿನಲ್ಲಿ ಚಳಿಗೆ ಹೆದರಿ ಗವಿ ಹೊಕ್ಕ ಹಾಗೆ ಇಲ್ಲಿ ಹೊಗಬೇಕಾಗಿರಲಿಲ್ಲ. ಬಿರುಬೇಸಿಗೆಯಲ್ಲಿ ನೀರು ಎಲ್ಲಿ ಎಂಬುದೇ ಇಲ್ಲಿ ಜೀವದ ಪ್ರಶ್ನೆ.

ಈ ಕಣ್ಣಿನಿಂದ ನಮ್ಮ ಕೊಳ್ಳಗಳನ್ನು ನೋಡಿದರೆ ಅವು ಬೇರೆಯಾಗಿ ಕಾಣುತ್ತವೆ. ಬೈಲಹೊಂಗಲದ ಕಡೆಯ ಸೊಗಲದಲ್ಲಿ ಸೋಮೇಶ್ವರನ ಗುಡಿಯ ಬಳಿ ಬಂಡೆಯಿಂದ ನೀರು ಧುಮುಕುತ್ತದೆ. ರಾಮದುರ್ಗದ ಸುರೇಬಾನದ ಹತ್ತಿರ ಶಬರಿ ಕೊಳ್ಳವಿದೆ, ರಾಮಾಯಣದ ಶಬರಿ ಕಾದು ಕೂತ ಜಾಗ ಅದೇ ಎಂಬುದು ಜನರ ನಂಬಿಕೆ. ಮೇಲಿನ ಬಂಡೆಯ ಬಿರುಕುಗಳಲ್ಲಿ ಇಳಿದ ಮಳೆನೀರು ಕೆಳಗಿನ ಗಟ್ಟಿ ಪದರಿಗೆ ತಡೆದು ಮಗ್ಗುಲಿಗೆ ಒಸರುವುದು ಇಂಥ ಕಲ್ಲಿನ ಗುಣ. ನೀರು, ನೆರಳು, ಕೆಳಗೆ ಆರಿಸಿಕೊಳ್ಳಲು ಒಳ್ಳೆಯ ಕಲ್ಲು, ಮೂರೂ ಒಟ್ಟಿಗೆ ಸಿಗುವ ಜಾಗ ಕೊಳ್ಳ. ದೇವಸ್ಥಾನವಿದ್ದ ಮಾತ್ರಕ್ಕೆ ಅಲ್ಲಿ ಆದಿಮಾನವ ಇದ್ದನೆಂದು ಹೇಳಿದಂತಾಯಿತಲ್ಲ ಎಂದರೆ, ಇಲ್ಲ, ಹಾಗೆ ಹೇಳಿದರೆ ತಪ್ಪಾಗುತ್ತದೆ. ಗುಡಿ ಸಾಕ್ಷಿಯಲ್ಲ. ಗುಡಿ ಕಟ್ಟಿದವರನ್ನು ಅಲ್ಲಿಗೆ ಕರೆದ ನೀರು, ಅವರಿಗಿಂತ ಬಹಳ ಮೊದಲೇ ಬಾಯಾರಿದ ಯಾರನ್ನಾದರೂ ಕರೆಯಬಲ್ಲದಾಗಿತ್ತು ಎನ್ನುವುದಷ್ಟೇ ನನ್ನ ಮಾತು. ಹುಡುಕುವವನು ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಅದೊಂದು ಗುರುತು.

ಕಿತ್ತೂರಿನ ಕೋಟೆಗೆ ಹೋದವರು 1824ರ ಕಾಳಗವನ್ನು ನೆನೆಯುತ್ತಾರೆ, ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಗೆ ಕೈಮುಗಿಯುತ್ತಾರೆ. ಹೂಲಿಯ ಗುಡಿಗಳಲ್ಲಿ ಚಾಲುಕ್ಯರನ್ನೂ, ಸವದತ್ತಿಯಲ್ಲಿ ರಟ್ಟರನ್ನೂ ಕಾಣುತ್ತಾರೆ. ಅಲ್ಲಿಂದ ಹಿಂದಕ್ಕೆ ಹೆಜ್ಜೆ ಇಡುವುದಿಲ್ಲ, ಏಕೆಂದರೆ ನೋಡಲು ಗೋಡೆಯಿಲ್ಲ, ಕಂಬವಿಲ್ಲ, ಶಾಸನವಿಲ್ಲ. ಗರಸಿನ ದಂಡೆಯಲ್ಲಿ ನೋಡುವುದೇನಿದೆ ಎಂಬ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಆ ದಂಡೆ ಯಾರಿಗೂ ಕಾಯುತ್ತ ನಿಂತಿಲ್ಲ. ಕೆಲವು ಭಾಗ ಜಲಾಶಯದ ಅಡಿಗೆ ಹೋಗಿದೆ. ನೀರಾವರಿ ಈ ಸೀಮೆಗೆ ಅನ್ನ ಕೊಟ್ಟಿದೆ, ಅದನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಮರಳಿಗಾಗಿ ದಂಡೆ ಬಗೆಯುವುದನ್ನು ಮಾತ್ರ ಅದೇ ತಕ್ಕಡಿಯಲ್ಲಿ ತೂಗಲಾರೆ. ಮರಳಿನ ಜೊತೆ ಗರಸೂ ಹೋಗುತ್ತದೆ, ಗರಸಿನ ಜೊತೆ ಪದರಿನ ಕ್ರಮ ಹೋಗುತ್ತದೆ. ಕ್ರಮ ಹೋದ ಮೇಲೆ ಕೈಗೊಡಲಿ ಯಾವುದೋ ಮನೆಯ ಬುನಾದಿಯಲ್ಲಿ ಸೇರಿದ ಒಂದು ಕಲ್ಲು, ಅಷ್ಟೇ. ಆಸೆಯಿಂದ ಆರಿಸಿ ಮನೆಗೆ ಒಯ್ಯುವವರಿಂದಲೂ ಆಗುವುದು ಇದೇ ಹಾನಿ. ಎತ್ತಿದ ಕಲ್ಲಿಗೆ ಊರಿಲ್ಲ, ಪದರಿಲ್ಲ, ಕಾಲವಿಲ್ಲ. ಕಂಡರೆ ಇದ್ದಲ್ಲೇ ಬಿಟ್ಟು, ಪಟ ತೆಗೆದುಕೊಂಡು, ಜಾಗ ಬರೆದುಕೊಂಡು ಪುರಾತತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯಕ್ಕೋ ತಿಳಿಸಬೇಕು.

ನೋಡಲು ಒಳ್ಳೆಯ ಹೊತ್ತು ಯುಗಾದಿ ಕಳೆದ ಮೇಲೆ, ಹೊಳೆ ಇಳಿದಾಗ. 2019ರ ಆಗಸ್ಟ್‌ನಲ್ಲಿ ಬಂದಂಥ ದೊಡ್ಡ ಮಹಾಪೂರ ದಂಡೆಯನ್ನು ಹೊಸದಾಗಿ ಕೊರೆದಿರುತ್ತದೆ, ಆ ಹಸಿ ಗಾಯದಲ್ಲಿ ಪದರುಗಳು ಚೆನ್ನಾಗಿ ಕಾಣುತ್ತವೆ. ನವಿಲುತೀರ್ಥದ ಸೀಳನ್ನು ಮೊದಲು ನೋಡಿ, ಆ ಕಲ್ಲಿನ ಬಣ್ಣ, ಮುರಿದ ಮುಖದ ಸಕ್ಕರೆಯಂಥ ಹೊಳಪು ಕಣ್ಣಿಗೆ ಹತ್ತಿಸಿಕೊಳ್ಳಬೇಕು. ಆಮೇಲೆ ರಾಮದುರ್ಗದ ಕಡೆ ಹೊಳೆಯ ದಂಡೆಗೆ ಇಳಿದು, ಮೇಲಿನ ಎರೆಮಣ್ಣು ಮುಗಿದು ಕೆಳಗೆ ಗರಸು ಶುರುವಾಗುವ ಗೆರೆಯನ್ನು ಹಿಡಿದು ನಡೆಯಬೇಕು. ಅಲ್ಲಿರುವ ಕಲ್ಲುಗಳೆಲ್ಲ ದುಂಡು. ಆ ದುಂಡುಗಳ ನಡುವೆ ದುಂಡಲ್ಲದ ಒಂದು, ಎರಡೂ ಮಗ್ಗುಲಿಂದ ಅಂಚು ಎಬ್ಬಿಸಿದ ಒಂದು, ಬೆಳಗಿನ ಓರೆ ಬಿಸಿಲಿನಲ್ಲಿ ತನ್ನ ತಗ್ಗುಗಳ ನೆರಳಿನಿಂದಲೇ ಬೇರೆಯಾಗಿ ಕಾಣುತ್ತದೆ.